ಕೆಂಪು ದಾರದ ಗೇಟು

ಮಗನಿಗೆ ಹೆಣ್ಣು ನೋಡಲು ಮೊನ್ನೆ ಬೆಳಗಾವಿಯ ಒಂದು ಮನೆಗೆ ಹೋಗಿದ್ದೆವು. ಹುಡುಗಿ ಚಹಾ, ಅವಲಕ್ಕಿ ತಂದಿಟ್ಟು ಎದುರಿಗೆ ಕುಳಿತಳು. ಲಕ್ಷಣವಾದ ಹುಡುಗಿ, ಮಾತಿನಲ್ಲೂ ಚುರುಕು. ನಾನು ಅವಳನ್ನು ಏನಾದರೂ ಕೇಳಬೇಕಿತ್ತು, ಕೇಳಲಿಲ್ಲ. ಅವಳ ಬೆನ್ನ ಹಿಂದಿನ ಗಾಜಿನ ಕಪಾಟಿನಲ್ಲಿ ಗೋಕಾಕದ ಕಟ್ಟಿಗೆಯ ಬಾಳೆಹಣ್ಣು, ಪೇರಲ, ಸೀತಾಫಲಗಳ ನಡುವೆ ಒಂದು ಗೇಟು ನಿಂತಿತ್ತು. ಮನೆಯ ಗೇಟಲ್ಲ, ಕಾಲುವೆಯ ಗೇಟು. ಗೇಣುದ್ದದ ಎರಡು ಕಂಬ, ನಡುವೆ ಏರಿಳಿಯುವ ಹಲಗೆ, ಮೇಲೊಂದು ಹಸಿರು ಪೆಟ್ಟಿಗೆ, ಪೆಟ್ಟಿಗೆಯ ಬದಿಗೆ ಕೆಂಪು ಪಿನ್ನು, ಪಿನ್ನಿಗೆ ಬಿಗಿದು ಕಟ್ಟಿದ ಕೆಂಪು ದಾರ. ಬಣ್ಣ ಮಂಕಾಗಿತ್ತು. ಉಳಿದದ್ದೆಲ್ಲ ಹಾಗೆಯೇ ಇತ್ತು.

"ಅದ ನಮ್ಮ ಮಾವನವರಿಗೆ ಯಾರೋ ಕೊಟ್ಟದ್ದರಿ," ಎಂದರು ಹುಡುಗಿಯ ತಾಯಿ, ನಾನು ನೋಡುತ್ತಿದ್ದುದನ್ನು ಕಂಡು. "ಕಾಲುವಿ ಕೆಲಸದಾಗ ದೊಡ್ಡ ಸಾಹೇಬ್ರ ಇದ್ದರು. ಗೋಕಾಕ ಕಡೆ ಹೋದಾಗ ಕೊಟ್ಟಾರ. ಅವರು ಹೋಗಿ ಬಾಳ ವರ್ಷ ಆತು, ಗೊಂಬಿ ಐತಿ."

ನನ್ನ ಅಣ್ಣ ನೇಮಣ್ಣ ತನ್ನ ಕೊನೆಯ ವಾರದಲ್ಲಿ ಹುಡುಕಿಕೊಂಡು ಬಂದದ್ದು ಇದೇ ಗೊಂಬೆಯನ್ನು. ಇದು ಸಿಗದ್ದರಿಂದಲೇ ಅವನು ಸತ್ತ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ಈಗಲೂ ನಂಬುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಧುಪದಾಳದ ಒಡ್ಡಿನ ಹತ್ತಿರ ಎಂಜಿನಿಯರರ ಒಂದು ಸಣ್ಣ ಕಚೇರಿಯಲ್ಲಿ ನಾನು ಟ್ರೇಸರ್ ಆಗಿದ್ದೆ. ದೊಡ್ಡವರು ಪೆನ್ಸಿಲಿನಲ್ಲಿ ಗೀಚಿದ್ದನ್ನು ಶಾಯಿಯಲ್ಲಿ ನೀಟಾಗಿ ತಿದ್ದಿ ತೆಗೆಯುವ ಕೆಲಸ. ನೇಮಣ್ಣ ಅದೇ ಕಾಲುವೆಯ ಮೇಲೆ ಗೇಟ್‌ಮ್ಯಾನ್. ಅಪ್ಪ ಬೇಗ ತೀರಿಕೊಂಡಿದ್ದ, ಅವ್ವ ನಮ್ಮಿಬ್ಬರ ಜೊತೆ ಇದ್ದಳು. ಮಳೆಗಾಲದಲ್ಲಿ ಒಡ್ಡಿನ ಮೇಲಿಂದ ನೀರು ಧುಮುಕುವ ಸದ್ದಿಗೆ ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿ ಮಾತಾಡಬೇಕಾಗುತ್ತಿತ್ತು. ಬೇರೆ ಊರಿಗೆ ಹೋದಾಗಲೂ ನಮ್ಮ ದನಿ ಇಳಿಯುತ್ತಿರಲಿಲ್ಲ. ನಂಟರು, ಇವರು ಜಗಳಕ್ಕೆ ಬಂದಿದ್ದಾರೋ ಊಟಕ್ಕೆ ಬಂದಿದ್ದಾರೋ ಎಂದು ನಗುತ್ತಿದ್ದರು.

ಆಗ ಕಾಲುವೆಯ ದೊಡ್ಡ ತಲೆನೋವು ಎಂದರೆ ನೀರಿನ ಕಳವು. ಪಾಳಿ ಪ್ರಕಾರ ಒಂದೊಂದು ಊರಿಗೆ ಇಷ್ಟು ದಿನ ಎಂದು ನೀರು ಬಿಡಬೇಕು. ಮೇಲಿನ ಊರಿನವರು ಪಾಳಿ ಇಲ್ಲದಾಗಲೂ ಪೈಪ್ ಬಿಚ್ಚುವ ಪಾನ ಹಾಕಿ ಗೇಟಿನ ತಿರುಪು ತಿರುಗಿಸಿ ನೀರು ಹರಿಸಿಕೊಳ್ಳುತ್ತಿದ್ದರು. ಕಾಲುವೆಯ ಬಾಲದಲ್ಲಿದ್ದ ಊರುಗಳಿಗೆ ಬರುತ್ತಿದ್ದದ್ದು ಬರೀ ಕೆಸರು. ಗೇಟಿಗೆ ಕೀಲಿ ಹಾಕಬೇಕು ಎಂಬುದು ಎಲ್ಲರಿಗೂ ಗೊತ್ತಿತ್ತು, ಹೇಗೆ ಹಾಕಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಗೋಕಾಕದ ಕಡೆ ಸರಪಳಿ ಬಿಗಿದರು, ಅದನ್ನು ಕತ್ತರಿಸಿದರು. ಮುಂದಿನ ವರ್ಷ ಮೂಡಲಗಿಯ ಕಡೆಯವರು ಯಾರನ್ನೂ ಕೇಳದೆ ಅದೇ ಸರಪಳಿ ತಂದರು. ಅದನ್ನೂ ಕತ್ತರಿಸಿದರು.

ನಮ್ಮ ಕಚೇರಿಯ ಎಂಜಿನಿಯರ್ ಸಂಗಪ್ಪ ಸರ್ ಇದಕ್ಕೆ ಸಿಟ್ಟಾಗುತ್ತಿದ್ದರು. ತೆಳ್ಳಗಿನ ಆಳು, ಹಣೆಗೆ ವಿಭೂತಿ, ನಾಲಗೆಯಲ್ಲಿ ಖಾರ.

"ಗೋಕಾಕದಾಗ ಮುರಿದ ಕೀಲಿನ ಮೂಡಲಗ್ಯಾಗ ಹಾಕತೇವಿ. ಮೂಡಲಗ್ಯಾಗ ಮುರಿದದ್ದನ್ನ ಹುಕ್ಕೇರ್ಯಾಗ ಹಾಕತೇವಿ," ಅಂದರು ಒಂದು ದಿನ. "ಒಂದ ತಪ್ಪನ್ನ ಮೂರೂ ಕಡೆ ಪಗಾರ ಕೊಟ್ಟ ಮಾಡಸಾಕತ್ತೇವಿ ನೋಡ್ರಿ."

"ನಾ ಡ್ರಾಯಿಂಗ್ ಮಾಡಿ ಎಲ್ಲಾ ಕಡೆ ಕಳಸತೇನ್ರಿ," ಅಂದೆ.

"ನಿನ್ನ ಡ್ರಾಯಿಂಗ್ ಚಂದನ ಇರತೈತಿ, ಪದ್ಮಾ. ಆದ್ರ ಅದು ಫೈಲಿನ್ಯಾಗ ಮಲಗತೈತಿ. ಗೇಟ್ ತಿರುವಾವರು ಅದನ್ನ ನೋಡಂಗಿಲ್ಲ. ಕೈಯಾಗ ಹಿಡದ ತಿರುವಿ ನೋಡೂವಂಥದ್ದ ಬೇಕು."

ನನಗೆ ಹೊಟ್ಟೆ ಉರಿಯಿತು. ನನ್ನ ಕೆಲಸಕ್ಕೇ ಕಲ್ಲು ಹಾಕುತ್ತಿದ್ದಾರಲ್ಲ ಎಂದುಕೊಂಡೆ. ಮರುದಿನ ಅವರು ಗೋಕಾಕಕ್ಕೆ ಹೋಗಿ ಗೊಂಬೆ ಮಾಡುವ ದತ್ತೋಬಾ ಕಾಕಾನನ್ನು ಕರೆದುಕೊಂಡು ಬಂದರು.

ದತ್ತೋಬಾ ಕಾಕಾನ ಮನೆಯಲ್ಲಿ ಹಗುರಾದ ಕಟ್ಟಿಗೆ ಕೆತ್ತಿ ಹಣ್ಣು, ದೇವರು, ಹಕ್ಕಿ ಮಾಡುವುದು ತಲೆತಲಾಂತರದ ಕಸುಬು. ಗೇಟನ್ನು ಅವನು ಎಂದೂ ಮಾಡಿರಲಿಲ್ಲ. ಮೊದಲು ನಕ್ಕ. ಆಮೇಲೆ ಕಾಲುವೆಯ ದಂಡೆಯ ಮೇಲೆ ಕುಳಿತು ಇಡೀ ಬೇಸಿಗೆ ಕೆತ್ತಿದ. ಸಂಗಪ್ಪ ಸರ್ ಮೂರೂ ಕಡೆ ತಿರುಗಿ, ಯಾವ ಕೀಲಿ ಎಲ್ಲಿ ಹಾಕಿದರು, ಹೇಗೆ ಮುರಿಯಿತು, ಯಾವುದು ನಿಂತಿತು ಎಂದು ಕೇಳಿಕೊಂಡು ಬರುತ್ತಿದ್ದರು. ಅದೆಲ್ಲ ಕಟ್ಟಿಗೆಯಾಗಿ ನಮ್ಮ ಕಚೇರಿಯ ಮೂಲೆಯ ಮಾಡಿನಲ್ಲಿ, ಗೋಡೆಯೊಳಗಿನ ಆ ಗೂಡಿನಲ್ಲಿ, ಸಾಲಾಗಿ ನಿಂತಿತು. ಪ್ರತಿ ಗೊಂಬೆಯ ಬುಡದ ನಾಲ್ಕು ಬದಿಗೆ ನನ್ನ ಅಕ್ಷರ. ತೊಂದರೆ ಎಂಥದು, ಅದಕ್ಕೆ ಏನು ಮಾಡಬೇಕು, ಹಾಗೆ ಮಾಡಿದರೆ ಹೊಸದಾಗಿ ಏನು ತೊಂದರೆ ಹುಟ್ಟುತ್ತದೆ, ಇದನ್ನು ಎಲ್ಲಿ ಹಾಕಲೇಬಾರದು. ಹೊಟ್ಟೆಯುರಿ ಹೋಗಿ ನನಗೆ ಹೆಮ್ಮೆ ಬಂದಿತ್ತು.

ಗೊಂಬೆಯನ್ನು ಯಾರು ಬೇಕಾದರೂ ಒಯ್ಯಬಹುದಿತ್ತು. ಮೂಡಲಗಿಯವರು ಮೋಟಾರ್ ಸೈಕಲ್ಲಿನ ಡಿಕ್ಕಿಯಲ್ಲಿ, ಹುಕ್ಕೇರಿಯವರು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಒಯ್ಯುತ್ತಿದ್ದರು. ತಂದುಕೊಡುವಾಗ ಮಾತ್ರ ದತ್ತೋಬಾ ಕಾಕಾನ ಒಂದು ಪದ್ಧತಿ ಇತ್ತು. ಗೊಂಬೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, "ಹೆಂಗಾತು? ಹೇಳ," ಎನ್ನುತ್ತಿದ್ದ. ಹೇಳದವರಿಂದ ಗೊಂಬೆ ಇಸಿದುಕೊಳ್ಳುತ್ತಿರಲಿಲ್ಲ. ಅವರು ಹೇಳಿದ್ದರಲ್ಲಿ ಹೊಸದೇನಾದರೂ ಇದ್ದರೆ ಆ ಗೊಂಬೆಯನ್ನು ಅಲ್ಲೇ ತಿದ್ದುತ್ತಿದ್ದ, ನಾನು ಬುಡದ ಅಕ್ಷರ ತಿದ್ದುತ್ತಿದ್ದೆ.

ಒಂದು ಬಗೆಗೆ ಒಂದೇ ಗೊಂಬೆ. ಅದು ಸಂಗಪ್ಪ ಸರ್ ಹಾಕಿದ ಕಟ್ಟಳೆ. ಎರಡು ಮಾಡಿದರೆ ಒಂದನ್ನು ತಿದ್ದುತ್ತೇವೆ, ಇನ್ನೊಂದು ಎಲ್ಲೋ ಕುಳಿತು ಹಳೆಯ ತಪ್ಪನ್ನೇ ಕಲಿಸುತ್ತಿರುತ್ತದೆ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಆ ಸರಿಯಾದ ವಾದದ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಎಲ್ಲರಿಗಿಂತ ಹೆಚ್ಚು ಆ ಮಾಡಿನ ಹುಚ್ಚು ಹಿಡಿದದ್ದು ನೇಮಣ್ಣನಿಗೆ. ಪಾಳಿ ಮುಗಿಸಿ ಬಂದವನು ಮನೆಗೆ ಬರದೆ ಕಚೇರಿಗೆ ಬಂದು ಗೊಂಬೆ ತಿರುವುತ್ತ ಕೂರುತ್ತಿದ್ದ. ನಮ್ಮದು ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅವ್ವ ಬಾಗಿಲಿಗೆ ಬಂದು ಕೂಗುತ್ತಿದ್ದಳು.

"ನೇಮೂ, ಹೊತ್ತ ಮುಣಗಾಕತ್ತೈತಿ. ಆಮ್ಯಾಲ ಗೊಂಬಿನ ತಿನ್ನಾಂವೇನ?"

ಅವನು ಓಡಿ ಬಂದು ನಿಂತುಕೊಂಡೇ ಎರಡು ರೊಟ್ಟಿ ನುಂಗುತ್ತಿದ್ದ.

ಆ ವರ್ಷ ಮಳೆಗಾಲದ ಹೊತ್ತಿಗೆ ಎಲ್ಲರೂ ಒಪ್ಪಿದ ಒಂದು ಕೀಲಿ ಸಿಕ್ಕಿತು. ತಿರುಪಿನ ಮೇಲೆ ದಪ್ಪ ಕಬ್ಬಿಣದ ಪೆಟ್ಟಿಗೆ, ಅದನ್ನು ತಿರುಗಿಸಲು ಕಚೇರಿಯಲ್ಲಿ ಮಾತ್ರ ಇರುವ ವಿಶೇಷ ಕೈ, ಅಂದರೆ ಹಿಡಿಕೆ. ಅದಿಲ್ಲದೆ ಯಾರೂ ಗೇಟು ಅಲುಗಿಸುವಂತಿಲ್ಲ. ಬಾಲದ ಊರುಗಳಿಗೆ ನೀರು ಮುಟ್ಟಿತು. ಒಬ್ಬ ಮುದುಕ ಮೂಡಲಗಿಯ ಆಚೆಯಿಂದ ಬಂದು ನಮಗೆಲ್ಲ ಬೆಲ್ಲ, ಶೇಂಗಾ ಕೊಟ್ಟು ಹೋದ. ಅದೇ ಹುರುಪಿನಲ್ಲಿ ಮಮದಾಪುರದ ಹತ್ತಿರದ ಹಳ್ಳದ ಗೇಟಿಗೂ ಅದೇ ಪೆಟ್ಟಿಗೆ ಹಾಕಿದರು.

ಹಳ್ಳದ ಗೇಟು ಎಂದರೆ ಬೇರೆ ಜಾತಿಯದು. ದೊಡ್ಡ ಮಳೆಗೆ ಕಾಲುವೆ ತುಂಬಿ ದಂಡೆ ಒಡೆಯುವ ಹಾಗಾದಾಗ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಡುವುದಕ್ಕೆ ಇರುವಂಥದು. ಒಂದು ಮಧ್ಯಾಹ್ನ ಅಲ್ಲಿ ಮಳೆ ಹೊಡೆಯಿತು, ಕಾಲುವೆ ಉಕ್ಕಿತು, ಗೇಟು ತೆಗೆಯುವ ಕೈ ಗೋಕಾಕದಲ್ಲಿತ್ತು. ದಂಡೆ ಒಡೆದು ಗೋವಿನಜೋಳದ ಹೊಲಗಳು ಹೋದವು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ.

ಸಂಗಪ್ಪ ಸರ್ ಆ ಹೊಲಗಳಲ್ಲಿ ಮೊಣಕಾಲು ಕೆಸರಿನಲ್ಲಿ ನಿಂತು ಬೈಸಿಕೊಂಡು ಬಂದರು. ಬಂದವರೇ ದತ್ತೋಬಾ ಕಾಕಾನ ಎದುರು ಕುಳಿತರು. ಕದಿಯುವವನಿಗೆ ತೆಗೆಯಲು ಬರಬಾರದು, ಆದರೆ ಜೀವದ ಪ್ರಸಂಗ ಬಂದಾಗ ಅಲ್ಲಿದ್ದವನು ತೆಗೆಯುವಂತಿರಬೇಕು. ಇಬ್ಬರೂ ಸೇರಿ ಮಾಡಿದ್ದು ಕೆಂಪು ಪಿನ್ನಿನ ಗೇಟು. ಪೆಟ್ಟಿಗೆಯ ಬದಿಗೆ ಒಂದು ಪಿನ್ನು, ಅದಕ್ಕೆ ಮುದ್ರೆ ಒತ್ತಿದ ತಂತಿ. ಕಷ್ಟದ ಹೊತ್ತಿಗೆ ಯಾರು ಬೇಕಾದರೂ ಎಳೆಯಬಹುದು, ಎಳೆದರೆ ಎದುರುತೂಕದ ಎಳೆತಕ್ಕೆ ಗೇಟು ತಾನೇ ಮೇಲೇಳುತ್ತದೆ. ಎಳೆದದ್ದು ಮುಚ್ಚಿಡಲು ಬರುವುದಿಲ್ಲ, ತಂತಿ ಹರಿದಿರುತ್ತದೆ, ಮರುದಿನ ಯಾಕೆ ಎಳೆದೆ ಎಂದು ಹೇಳಬೇಕಾಗುತ್ತದೆ. ಗೊಂಬೆಯಲ್ಲಿ ತಂತಿಯ ಬದಲು ಕೆಂಪು ದಾರ. ನೋಡಲು ಬಂದವರು ಒಮ್ಮೆ ಎಳೆಯುವುದು, ದತ್ತೋಬಾ ಕಾಕಾ ಮತ್ತೆ ಹೊಸ ದಾರ ಕಟ್ಟುವುದು. ನೇಮಣ್ಣ ಅದನ್ನು ಎಷ್ಟು ಸಲ ಎಳೆದನೋ. ಕೊನೆಗೆ ಕಾಕಾ ಅವನಿಗೆ, "ದಾರದ ಉಂಡಿ ನೀನ ತಂದಕೊಡ ಇನ್ನ," ಎಂದು ಗದರಿದ.

ಗೊಂಬೆಗಳಲ್ಲೇ ಅದು ಚೆಲುವಾದದ್ದು. ಅದೇ ಕುತ್ತಾಯಿತು.

ಶ್ರಾವಣದಲ್ಲಿ ಬೆಳಗಾವಿಯಿಂದ ಆ ದೊಡ್ಡ ಸಾಹೇಬರು ಮಾಡು ನೋಡಲು ಬಂದರು. ಅವರು ಮೆಚ್ಚಿದರೆ ಇಡೀ ಕಾಲುವೆಗೆ ಇಂಥ ಮಾಡುಗಳಾಗುತ್ತವೆ ಎಂದು ಸಂಗಪ್ಪ ಸರ್ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಸಾಹೇಬರು ಒಳ್ಳೆಯವರೇ. ಒಂದೊಂದನ್ನೂ ಕೇಳಿ ತಿಳಿದುಕೊಂಡರು. ಕೊನೆಗೆ ಕೆಂಪು ಪಿನ್ನಿನ ಗೇಟನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, "ಇದು ಬಾಳ ಚಂದ ಐತ್ರಿ," ಅಂದರು.

ನಮ್ಮ ಕಡೆ ಬಂದವರು ಒಂದು ವಸ್ತುವನ್ನು ಹಾಗೆ ಹೊಗಳಿದ ಮೇಲೆ ಅದನ್ನು ಮತ್ತೆ ಒಳಗಿಡುವುದಿಲ್ಲ. ಅವರ ಕೈಯಲ್ಲೇ ಬಿಡುತ್ತೇವೆ. ತಾಟಾಗಲಿ, ಕೌದಿಯಾಗಲಿ, ಗೊಂಬೆಯಾಗಲಿ. ಅದರಲ್ಲೂ ಗೋಕಾಕದ ಗೊಂಬೆ ಎಂದರೆ ಬಂದವರಿಗೆ ಕೊಡುವುದಕ್ಕೇ ಇರುವುದು. ಸಂಗಪ್ಪ ಸರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಕ್ಕು, "ನಿಮಗ ಇರ್ಲಿ ಸರ್, ತೊಗೊಂಡ ಹೋಗ್ರಿ," ಅಂದರು. ದತ್ತೋಬಾ ಕಾಕಾ ಹಳೆಯ ದಾರ ಬಿಚ್ಚಿ ಹೊಸ ಕೆಂಪು ದಾರ ಕಟ್ಟಿಕೊಟ್ಟ. ಜೀಪು ಹೋದ ಮೇಲೆ ಸರ್ ಇನ್ನೊಂದು ಮಾಡಲು ಹೇಳಿದರು. ಒಣಗಿಸಿಟ್ಟ ಕಟ್ಟಿಗೆ ತೀರಿದೆ, ಉಳಿದದ್ದು ಮಳೆಗೆ ಹಸಿಯಾಗಿದೆ, ಈಗ ಕೆತ್ತಿದರೆ ಬಿರುಕು ಬಿಡುತ್ತದೆ, ದಸರೆ ಆಗಲಿ ಎಂದ ಕಾಕಾ.

ಅಷ್ಟರಲ್ಲಿ ನೇಮಣ್ಣನನ್ನು ಹುಕ್ಕೇರಿ ಕಡೆಯ ಕಾಲುವೆಗೆ ಹಾಕಿದ್ದರು. ಬೆಲ್ಲದ ಬಾಗೇವಾಡಿಯ ಹತ್ತಿರದ ಹಳ್ಳದ ಗೇಟು. ಆ ಊರಲ್ಲಿ ನಮ್ಮ ಅತ್ತೆಯ ಮನೆ ಇತ್ತು, ಇಳಿಹೊತ್ತಿಗೆ ಅಲ್ಲಿಂದ ಊಟದ ಡಬ್ಬಿ ಹೋಗುತ್ತಿತ್ತು. ಒಂದು ಸೋಮವಾರ ಅವನು ಮಳೆಯಲ್ಲಿ ನೆನೆದು ಬಂದ. ತಲೆ ಒರೆಸಿಕೊಳ್ಳದೆ ನೇರವಾಗಿ ಮಾಡಿನ ಮುಂದೆ ನಿಂತ.

"ಕೆಂಪ ಪಿನ್ನಿಂದ ಎಲ್ಲಿ ಐತಿ?"

ಹೇಳಿದೆ.

"ಅದನ್ನ ಕೊಟ್ಟ ಕುಂತೀರೇನ?" ಅಂದ. "ಅಲ್ಲೆ ನಮ್ಮ ಗೇಟಿಗೆ ಪೆಟ್ಟಿಗಿ ಕುಂದರಸ್ಯಾರ, ಪದ್ದಿ. ಬಣ್ಣಾ ಗಿಣ್ಣಾ ಎಲ್ಲಾ ಇಲ್ಲಿದರಂಗನ ಐತಿ, ಪಿನ್ನ ಒಂದ ಇಲ್ಲ. ಬಾಯಿಲೆ ಹೇಳಿದರ ಯಾರಿಗೂ ತಿಳಿಯವಲ್ತು. ಗೊಂಬಿ ಒಯ್ದ ತೋರಸ್ತೇನಿ ಅಂತ ಬಂದೆ."

ಅಲ್ಲಿಯವರು ಬೇಸಿಗೆಯಲ್ಲಿ ಪೆಟ್ಟಿಗೆಯ ಗೊಂಬೆಯನ್ನು ಒಯ್ದು ನೋಡಿದ್ದರು. ಆಗಿನ್ನೂ ಪಿನ್ನು ಹುಟ್ಟಿರಲಿಲ್ಲ. ಸಂಗಪ್ಪ ಸರ್ ತಕ್ಷಣ ಅಲ್ಲಿಯ ಎಂಜಿನಿಯರಿಗೆ ಫೋನು ಮಾಡಿದರು. ಮಳೆಗೆ ಫೋನು ಕರಕರ ಎನ್ನುತ್ತಿತ್ತು. ಇವರು ಪಿನ್ನು, ಪಿನ್ನು ಎಂದು ಕೂಗುತ್ತಿದ್ದುದು ಹೊರಗಿನ ತನಕ ಕೇಳುತ್ತಿತ್ತು. ಅತ್ತ ಕಡೆಯಿಂದ ಬಂದ ಉತ್ತರ, ಮೊದಲು ಕೀಲಿ ನಿಲ್ಲಲಿ, ಪಿನ್ನು ದಸರೆ ಆದ ಮೇಲೆ ನೋಡೋಣ. ನಾನು ಅಂದೇ ಕುಳಿತು ಪಿನ್ನಿನ ಡ್ರಾಯಿಂಗ್ ತೆಗೆದು ನೇಮಣ್ಣನ ಕೈಯಲ್ಲೇ ಕೊಟ್ಟು ಕಳಿಸಿದೆ. ಅವನು ಅದನ್ನು ಅಂಗಿಯ ಒಳಗೆ ಇಟ್ಟುಕೊಂಡು ಹೋದ. ಅದು ಆ ಕಚೇರಿಗೆ ಮುಟ್ಟಿತಂತೆ. ಫೈಲಿಗೆ ಸೇರಿತಂತೆ.

ಅದೇ ವಾರ. ದಸರೆಗೆ ಇನ್ನೂ ಕೆಲವು ದಿನ ಇದ್ದವು. ಬೆಳಗಿನಿಂದ ಹಿಡಿದ ಮಳೆ ನಿಲ್ಲಲಿಲ್ಲ. ಆಮೇಲೆ ನಡೆದದ್ದನ್ನು ಗೇಟಿನ ಬಾಜೂ ಹೊಲದ ಹೆಣ್ಣುಮಗಳೊಬ್ಬಳು ನಮಗೆ ಹೇಳಿದಳು. ನಾಲ್ಕೈದು ಸಲ ಹೇಳಿಸಿಕೊಂಡಿದ್ದೇನೆ, ಪ್ರತಿ ಸಲವೂ ಬೇರೆ ಏನಾದರೂ ಹೇಳುತ್ತಾಳೇನೋ ಎಂಬ ಆಸೆಯಿಂದ.

ಕಾಲುವೆ ದಂಡೆಯ ಅಂಚಿಗೆ ಬಂದಿತ್ತು. ಕೆಳಗೆ ಕೂಲಿಗೆ ಬಂದವರ ಗುಡಿಸಲುಗಳಿದ್ದವು. ನೇಮಣ್ಣ ಪೆಟ್ಟಿಗೆಯ ಕೈ ತರಲು ಒಬ್ಬನನ್ನು ಸೈಕಲ್ಲಿನ ಮೇಲೆ ಹುಕ್ಕೇರಿಗೆ ಓಡಿಸಿದ. ಹಳ್ಳ ತುಂಬಿ ರಸ್ತೆ ಕಟ್ಟಿತ್ತು, ಹೋದವನು ತಿರುಗಿ ಬಂದ. ಆಗ ನೇಮಣ್ಣ ಪೆಟ್ಟಿಗೆಯ ಹತ್ತಿರ ಹೋಗಿ ಅದರ ಬದಿಗೆ ಕೈಯಾಡಿಸಿದನಂತೆ.

"ಏನ ಹುಡಕತಿಯೋ ಯಪ್ಪಾ ಅಂತ ಕೇಳಿದ್ನಿ," ಅಂದಳು ಆಕೆ. "ಇಲ್ಲೆ ಇರಬೇಕಾಗಿತ್ತ ಬೇ, ಇಲ್ಲೆ ಇರಬೇಕಾಗಿತ್ತ, ಅಂದ. ನಕ್ಕಂಗ ಮಾಡಿದ. ಆಮ್ಯಾಲ ಹಾರಿ ತೊಗೊಂಡ ಕೆಳಗ ಇಳದಾ."

ಕಬ್ಬಿಣದ ಹಾರೆಯಿಂದ ಗೇಟಿನ ಹಲಗೆಯನ್ನು ಕೆಳಗಿನಿಂದ ಮೀಟಿದ. ಅದು ಬಹಳ ಹೊತ್ತು ಅಲುಗಲಿಲ್ಲ, ಆಮೇಲೆ ಒಮ್ಮೆಲೇ ಎದ್ದಿತು. ನೀರು ಅವನನ್ನು ಎಳೆದುಕೊಂಡು ಹಳ್ಳಕ್ಕೆ ಬಿತ್ತು. ದಂಡೆ ಉಳಿಯಿತು, ಗುಡಿಸಲುಗಳು ಉಳಿದವು. ಅವನು ಸಿಕ್ಕಿದ್ದು ಮರುದಿನ, ಬಹಳ ಕೆಳಗೆ, ಜಾಲಿ ಕಂಟಿಯಲ್ಲಿ.

ಗೇಟಿನ ಗುಡಿಸಲಲ್ಲಿ ಡಬ್ಬಿ ಇತ್ತು. ಅತ್ತೆ ಹೊತ್ತಿಗೆ ಮುಂಚೆಯೇ ಕಳಿಸಿದ್ದಳು. ನೇಮಣ್ಣ ಅದನ್ನು ತೆರೆದಿರಲಿಲ್ಲ. ಮೋಡದಲ್ಲಿ ಹೊತ್ತು ಮುಳುಗಿದೆಯೋ ಇಲ್ಲವೋ ತಿಳಿಯದೆ ಹಾಗೇ ಇಟ್ಟಿದ್ದನೋ, ಉಣ್ಣಲು ಪುರಸೊತ್ತೇ ಆಗಲಿಲ್ಲವೋ. ಅವ್ವ ಆ ಡಬ್ಬಿ ತೊಳೆಯಲು ಯಾರಿಗೂ ಕೊಡಲಿಲ್ಲ. ತಾನೇ ಹಿತ್ತಲಲ್ಲಿ ಕುಳಿತು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ಸಂಗಪ್ಪ ಸರ್ ನಮ್ಮ ಮನೆಗೆ ಬಂದರು. ಅಂಗಿ ಗುಂಡಿ ತಪ್ಪಿ ಹಾಕಿಕೊಂಡಿದ್ದರು. ಬಾಗಿಲಲ್ಲೇ ಕುಳಿತರು, ಅವ್ವ ಕೊಟ್ಟ ನೀರನ್ನು ಕುಡಿಯಲಾಗದೆ ಕೈಯಲ್ಲಿ ಹಿಡಿದುಕೊಂಡರು.

"ನಾ ಕೊಡಬಾರದಾಗಿತ್ತವ್ವಾ," ಅಂದರು. "ನಾ ಹಾಕಿದ ಕಟ್ಟಳಿ. ಒಂದ ಮಾಡ್ರಿ ಅಂದಾಂವ ನಾನ, ಇದ್ದ ಒಂದನ್ನ ಎತ್ತಿ ಕೊಟ್ಟಾಂವನೂ ನಾನ."

"ಬಂದವರ ಬೇಡ್ಯಾರ, ಕೊಟ್ಟೀರಿ," ಅಂದಳು ಅವ್ವ. "ಇಲ್ಲಂತ ಹೆಂಗ ಅಂತೀರಿ? ನೀರ ಕುಡೀರಿ ಮೊದಲ."

ಅವ್ವ ಅವರನ್ನು ಕ್ಷಮಿಸಿದಳು. ನಾನು ಕ್ಷಮಿಸಲಿಲ್ಲ. ಆ ದಿನ ಒಳಗಿನ ಕೋಣೆಯಿಂದ ಹೊರಗೂ ಬರಲಿಲ್ಲ. ಅವರ ತಪ್ಪು ಎಂಥದು ಎಂದು ಯಾರಾದರೂ ಕೇಳಿದರೆ ಹೇಳುವುದು ನನಗೆ ಇಂದಿಗೂ ಕಷ್ಟ. ನಮ್ಮ ಮನೆಗೆ ಬಂದವರು ಹಾಗೆ ಅಂದಿದ್ದರೆ ನಾನೂ ಕೊಡುತ್ತಿದ್ದೆ, ನೇಮಣ್ಣನೂ ಕೊಡುತ್ತಿದ್ದ. ಅಷ್ಟೆಲ್ಲ ಗೊತ್ತಿದ್ದೂ ಆ ಮನುಷ್ಯನ ಮುಖ ನೋಡಲು ನನ್ನಿಂದಾಗಲಿಲ್ಲ. ಮುಂದಿನ ಬೇಸಿಗೆಗೆ ಅವರು ದೂರದ ಊರಿಗೆ ವರ್ಗವಾಗಿ ಹೋದರು. ಮಾಡಿನ ಗೊಂಬೆಗಳನ್ನು ಯಾರೂ ಕೇಳಿಕೊಂಡು ಬರದಾದರು. ಕೆಲವಕ್ಕೆ ಗೆದ್ದಲು ಹಿಡಿಯಿತು, ಕೆಲವು ಹುಡುಗರ ಆಟಕ್ಕೆ ಹೋದವು. ನೇಮಣ್ಣನ ಹಳ್ಳದ ಗೇಟಿಗೆ ಮಾತ್ರ ಪಿನ್ನು ಬಂತು, ದಸರೆ ಮುಗಿದ ವಾರದಲ್ಲೇ.

ಇಷ್ಟೆಲ್ಲ ನನ್ನ ತಲೆಯಲ್ಲಿ ಹರಿದು ಹೋಗುವಷ್ಟರಲ್ಲಿ ಚಹಾ ಆರಿತ್ತು. ಮಗ ನನ್ನ ಕಡೆ ನೋಡುತ್ತಿದ್ದ. ನಾನು ಎದ್ದು ಕಪಾಟಿನ ಹತ್ತಿರ ಹೋಗಿ ನಿಂತೆ.

"ಇದು ಬಾಳ ಚಂದ ಐತ್ರಿ," ಅಂದೆ.

ಹುಡುಗಿಯ ತಾಯಿ ಒಂದು ಗಳಿಗೆಯೂ ತಡೆಯಲಿಲ್ಲ. ಕಪಾಟಿನ ಬಾಗಿಲು ಸರಿಸಿ, ಸೆರಗಿನಿಂದ ಧೂಳು ಒರೆಸಿ, "ನಿಮಗ ಇರ್ಲಿ ತೊಗೋರಿ," ಎಂದು ನನ್ನ ಕೈಯಲ್ಲಿಟ್ಟರು. ಬುಡದ ನಾಲ್ಕು ಬದಿಗೆ ನನ್ನ ಅಕ್ಷರ ಇನ್ನೂ ಕಾಣುತ್ತಿತ್ತು. ದಾರ ಹರಿದಿರಲಿಲ್ಲ. ಅಂದರೆ ಇಷ್ಟು ವರ್ಷ ಆ ಮನೆಯಲ್ಲಿ ಒಬ್ಬರೂ ಅದನ್ನು ಎಳೆದು ನೋಡಿರಲಿಲ್ಲ. ಅದು ತೆರೆಯುತ್ತದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಮರುದಿನ ಗೋಕಾಕಕ್ಕೆ ಹೋದೆ. ದತ್ತೋಬಾ ಕಾಕಾ ಇನ್ನೂ ಇದ್ದಾನೆ. ಕಣ್ಣು ಪೂರಾ ಹೋಗಿವೆ, ಮೊಮ್ಮಕ್ಕಳು ಬಣ್ಣ ಬಳಿಯುವ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಾನೆ. ಮಾತಾಡದೆ ಗೊಂಬೆಯನ್ನು ಅವನ ಕೈಗೆ ಕೊಟ್ಟೆ. ಕಂಬ ಮುಟ್ಟಿದ, ಹಲಗೆ ಮುಟ್ಟಿದ. ಬೆರಳು ಪಿನ್ನಿಗೆ ತಾಗಿದಾಗ ಅವನ ಮುಖ ಬದಲಾಯಿತು. ನನ್ನನ್ನು ಯಾರು ಎಂದು ಕೇಳಲಿಲ್ಲ. ಎರಡೂ ಕೈಯಲ್ಲಿ ಗೊಂಬೆ ಹಿಡಿದುಕೊಂಡು ಹಳೆಯ ರೂಢಿಯಂತೆ ಅಂದ.

"ಹೆಂಗಾತು? ಹೇಳ."

ಎಲ್ಲ ಗೊತ್ತಿದ್ದೂ ಕೇಳಿದ್ದ. ಹೇಳದವರಿಂದ ಅವನು ಇಸಿದುಕೊಳ್ಳುವುದಿಲ್ಲ.

"ನಮ್ಮಣ್ಣ ಇದನ್ನ ಒಯ್ಯಾಕ ಬಂದಿದ್ದ, ಕಾಕಾ," ಅಂದೆ. "ಸಿಗಲಿಲ್ಲ."

ಅವನು ಗೊಂಬೆಯನ್ನು ನನ್ನ ಕಡೆ ತಿರುಗಿಸಿ ಹಿಡಿದ.

"ಎಳಿ," ಅಂದ.

ಪಿನ್ನು ಎಳೆದೆ. ದಾರ ಹರಿಯಿತು. ಪಿನ್ನು ನನ್ನ ಕೈಗೆ ಬಂತು, ಗೇಟು ಒಂದು ಚೂರೂ ತಡೆಯದೆ ಮೇಲೆದ್ದಿತು.